ಸಣ್ಣ ಕೆಲಸಕ್ಕೆ ಸಂಭಾವನೆ: ಮುಕ್ತ ತಂತ್ರಾಂಶ ಸಮುದಾಯಗಳಲ್ಲಿ ಬೌಂಟಿ ಪದ್ಧತಿಯ ಒಂದು ಸಮೀಕ್ಷೆ

ಪ್ರಶ್ನೆಯ ಸ್ವರೂಪ

ಯಾರು ಬೇಕಾದರೂ ಮೂಲ ಕೋಡನ್ನು ಓದಿ, ತಿದ್ದಿ, ತಿದ್ದಿದ್ದನ್ನು ಇತರರಿಗೆ ಹಂಚಲು ಪರವಾನಗಿಯೇ ಅವಕಾಶ ಕೊಡುವ ತಂತ್ರಾಂಶವನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ಲಿನಕ್ಸ್ ಕರ್ನಲ್, ಫೈರ್‌ಫಾಕ್ಸ್, ಬ್ಲೆಂಡರ್, ಲಿಬ್ರೆ ಆಫೀಸ್ ಮುಂತಾದ ಹೆಸರಾಂತ ತಂತ್ರಾಂಶಗಳಷ್ಟೇ ಅಲ್ಲದೆ, ಬಳಕೆದಾರರ ಕಣ್ಣಿಗೆ ಎಂದೂ ಬೀಳದೆ ಬ್ಯಾಂಕು, ಆಸ್ಪತ್ರೆ, ಮೊಬೈಲ್ ಫೋನುಗಳ ಒಳಗೆ ಕೆಲಸ ಮಾಡುವ ಸಾವಿರಾರು ಸಣ್ಣ ಕೋಡ್ ಸಂಗ್ರಹಗಳೂ ಈ ವರ್ಗಕ್ಕೆ ಸೇರುತ್ತವೆ. ಇವುಗಳನ್ನು ಕಟ್ಟುವವರಲ್ಲಿ ಅನೇಕರು ಬೇರೆ ಬೇರೆ ದೇಶಗಳಲ್ಲಿ ನೆಲೆಸಿದವರು. ಒಬ್ಬರ ಮುಖವನ್ನೊಬ್ಬರು ನೋಡದೆಯೂ ಅಂತರಜಾಲದ ಮೂಲಕವೇ ಪರಿಚಿತರಾಗಿ, ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸುತ್ತ ಒಂದು ಸಮುದಾಯವಾಗಿ ಬೆಳೆದವರು. ಬಳಕೆದಾರರು ಕಂಡ ದೋಷಗಳೂ ಬೇಡಿಕೆಗಳೂ ಒಂದು ಬಹಿರಂಗ ಪಟ್ಟಿಯಲ್ಲಿ ದಾಖಲಾಗುತ್ತವೆ, ಅವುಗಳಲ್ಲಿ ಒಂದನ್ನು ಕೈಗೆತ್ತಿಕೊಂಡವರು ತಿದ್ದುಪಡಿಯನ್ನು ಬರೆದು ಕಳುಹಿಸುತ್ತಾರೆ, ಯೋಜನೆಯ ಹೊಣೆ ಹೊತ್ತ ನಿರ್ವಾಹಕರು ಅದನ್ನು ಓದಿ, ಪರೀಕ್ಷಿಸಿ, ಸರಿಯೆನಿಸಿದರೆ ಮೂಲ ಕೋಡಿಗೆ ಸೇರಿಸಿಕೊಳ್ಳುತ್ತಾರೆ. ಹೀಗೆ ಕಳುಹಿಸಿದ ತಿದ್ದುಪಡಿಗೆ ಪ್ಯಾಚ್ ಎಂದೂ, ಗಿಟ್‌ಹಬ್‌ನಂತಹ ತಾಣಗಳಲ್ಲಿ ಪುಲ್ ರಿಕ್ವೆಸ್ಟ್ ಎಂದೂ ಹೆಸರು.

ಈ ಏರ್ಪಾಟಿನಲ್ಲಿ ಹಣಕ್ಕೆ ಮೊದಲಿನಿಂದಲೂ ನಿಶ್ಚಿತ ಸ್ಥಾನವಿರಲಿಲ್ಲ. ಆದರೆ ಒಂದು ಸಣ್ಣ ದೋಷ ವರ್ಷಗಟ್ಟಲೆ ಹಾಗೆಯೇ ಉಳಿದಾಗ, ಅದನ್ನು ಸರಿಪಡಿಸುವ ಶಕ್ತಿಯಿಲ್ಲದಿದ್ದರೂ ಹಣ ಕೊಡುವ ಶಕ್ತಿಯಿರುವ ಬಳಕೆದಾರರಿಗೆ, ಸರಿಪಡಿಸಿದವರಿಗೆ ಇಷ್ಟು ಕೊಡುತ್ತೇವೆಂದು ಘೋಷಿಸುವ ಯೋಚನೆ ಸಹಜವಾಗಿಯೇ ಹೊಳೆಯುತ್ತದೆ. ನಿರ್ದಿಷ್ಟವಾದ ಒಂದು ಕೋಡಿಂಗ್ ಕೆಲಸಕ್ಕೆ ಮುಂಚಿತವಾಗಿ ಮೊತ್ತವನ್ನು ಸಾರಿ, ಅದನ್ನು ಮುಗಿಸಿದವರಿಗೆ ಸಲ್ಲಿಸುವ ಈ ಪದ್ಧತಿಯನ್ನು ಬೌಂಟಿ ಎಂದು ಕರೆಯಲಾಗುತ್ತದೆ. ನೋಡಲು ಇದು ಎರಡೂ ಕಡೆಗೆ ಲಾಭದ ಒಪ್ಪಂದ. ಆದರೂ ಕಳೆದ ಕಾಲು ಶತಮಾನದಲ್ಲಿ ಈ ಪದ್ಧತಿಯನ್ನು ಆಧರಿಸಿ ಹುಟ್ಟಿದ ಸಂಸ್ಥೆಗಳಲ್ಲಿ ಹಲವು ಮುಚ್ಚಿಹೋಗಿವೆ, ಕೆಲವು ಸಮುದಾಯಗಳು ಇದನ್ನು ಬಹಿರಂಗವಾಗಿ ತಿರಸ್ಕರಿಸಿವೆ, ಇನ್ನು ಕೆಲವು ಎಚ್ಚರದಿಂದ ಉಳಿಸಿಕೊಂಡಿವೆ. ಸಹ ಪ್ರೋಗ್ರಾಮರ್‌ಗಳಿಗೆ ಸಣ್ಣ ಕೆಲಸಕ್ಕೆ ಹಣ ಕೊಡುವುದು ಯಾವ ಸಂದರ್ಭದಲ್ಲಿ ಫಲಿಸುತ್ತದೆ, ಯಾವಾಗ ಸಮುದಾಯಕ್ಕೇ ಭಾರವಾಗುತ್ತದೆ, ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದು ಈ ಸಮೀಕ್ಷೆಯ ವಿಷಯ.

ಹಿನ್ನೆಲೆ

ದೋಷ ತೋರಿಸಿದವರಿಗೆ ಹಣ ಕೊಡುವ ಪದ್ಧತಿಯ ಅತ್ಯಂತ ಗೌರವಾನ್ವಿತ ಉದಾಹರಣೆ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರದು. ತಮ್ಮ ಗ್ರಂಥಗಳಲ್ಲಿ ತಪ್ಪು ಕಂಡುಹಿಡಿದವರಿಗೆ ಅವರು 2.56 ಡಾಲರಿನ ಚೆಕ್ ಕಳುಹಿಸುತ್ತಿದ್ದರು. 256 ಸೆಂಟುಗಳೆಂದರೆ ಹದಿನಾರರ ಆಧಾರದ ಎಣಿಕೆಯಲ್ಲಿ ಒಂದು ಡಾಲರ್ ಎಂಬುದು ಅದರ ಹಿಂದಿನ ಲೆಕ್ಕ. ತಾವು ರಚಿಸಿದ ಅಕ್ಷರಜೋಡಣೆ ತಂತ್ರಾಂಶ ಟೆಕ್‌ನ ದೋಷಗಳಿಗೆ ಅವರು ಈ ಮೊತ್ತವನ್ನು ವರ್ಷದಿಂದ ವರ್ಷಕ್ಕೆ ಇಮ್ಮಡಿಗೊಳಿಸುತ್ತ ಕೊನೆಗೆ 327.68 ಡಾಲರಿಗೆ ನಿಲ್ಲಿಸಿದರು. ಚೆಕ್ ಪಡೆದವರಲ್ಲಿ ಅನೇಕರು ಅದನ್ನು ನಗದು ಮಾಡಿಕೊಳ್ಳದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರು. ಚೆಕ್ಕುಗಳ ದುರ್ಬಳಕೆಯ ಭಯದಿಂದ 2008ರಲ್ಲಿ ಕ್ನೂತ್ ನಿಜವಾದ ಬ್ಯಾಂಕ್ ಚೆಕ್ ಕೊಡುವುದನ್ನು ಬಿಟ್ಟು ಕಾಲ್ಪನಿಕ ಬ್ಯಾಂಕೊಂದರ ಪ್ರಮಾಣಪತ್ರ ಕೊಡತೊಡಗಿದ ಮೇಲೂ ಅದರ ಮರ್ಯಾದೆ ಕುಂದಲಿಲ್ಲ. ಇಲ್ಲಿ ಹಣ ಕೆಲಸದ ಬೆಲೆಯಾಗಿರಲಿಲ್ಲ, ಓದುಗನ ಶ್ರದ್ಧೆಗೆ ಲೇಖಕ ಸಲ್ಲಿಸಿದ ಮನ್ನಣೆಯ ಗುರುತಾಗಿತ್ತು. ಅಷ್ಟೇ ಮುಖ್ಯವಾದ ಇನ್ನೊಂದು ಅಂಶವೆಂದರೆ, ಬಂದ ಪ್ರತಿಯೊಂದು ಪತ್ರವನ್ನೂ ಓದಿ ತೀರ್ಮಾನಿಸುವ ಹೊರೆಯನ್ನು ಹಣ ಕೊಡುವ ವ್ಯಕ್ತಿಯೇ ಹೊತ್ತಿದ್ದರು.

ವ್ಯಾಪಾರಿ ಜಗತ್ತಿನಲ್ಲಿ ಇದಕ್ಕೆ ಸಮಾನಾಂತರವಾಗಿ ಬೆಳೆದದ್ದು ಭದ್ರತಾ ದೋಷಗಳಿಗೆ ನೀಡುವ ಬಹುಮಾನ. 1995ರ ಅಕ್ಟೋಬರಿನಲ್ಲಿ ನೆಟ್‌ಸ್ಕೇಪ್ ಸಂಸ್ಥೆ ತನ್ನ ಬ್ರೌಸರಿನ ಪ್ರಾಯೋಗಿಕ ಆವೃತ್ತಿಯಲ್ಲಿ ದೋಷ ಕಂಡುಹಿಡಿದವರಿಗೆ ಬಹುಮಾನ ಸಾರಿತು. ಅದೇ ಪರಂಪರೆಯಲ್ಲಿ ಮೊಜಿಲ್ಲಾ 2004ರಲ್ಲಿ ಗಂಭೀರ ಭದ್ರತಾ ದೋಷವೊಂದಕ್ಕೆ 500 ಡಾಲರ್ ಕೊಡುವ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ದೋಷವನ್ನು ತೋರಿಸುವುದು ಬೇರೆ, ಅದನ್ನು ಸರಿಪಡಿಸುವ ಇಲ್ಲವೆ ಹೊಸ ಸೌಲಭ್ಯವೊಂದನ್ನು ಸೇರಿಸುವ ಕೋಡನ್ನು ಬರೆಯುವುದು ಬೇರೆ. ತೋರಿಸಿದವನ ಕೆಲಸ ವರದಿಯೊಂದಿಗೆ ಮುಗಿಯುತ್ತದೆ. ಬರೆದವನ ಕೋಡಾದರೋ ತಂತ್ರಾಂಶದ ಅಂಗವಾಗಿ ಉಳಿಯುತ್ತದೆ, ಅದನ್ನು ಯಾರೋ ಮುಂದೆಯೂ ನೋಡಿಕೊಳ್ಳಬೇಕಾಗುತ್ತದೆ.

ಕೋಡ್ ಬರೆಯುವ ಕೆಲಸಕ್ಕೇ ಮಾರುಕಟ್ಟೆ ಕಟ್ಟುವ ಪ್ರಯತ್ನಗಳು 1999ರ ಸುಮಾರಿಗೆ ಒಟ್ಟೊಟ್ಟಿಗೆ ಕಾಣಿಸಿಕೊಂಡವು. ಅಪಾಚೆ ವೆಬ್ ಸರ್ವರಿನ ಸ್ಥಾಪಕರಲ್ಲೊಬ್ಬರಾದ ಬ್ರಯನ್ ಬೆಲೆನ್‌ಡಾರ್ಫ್ ಅವರ ಕೊಲಾಬ್‌ನೆಟ್ ಸಂಸ್ಥೆ ಸೋರ್ಸ್‌ಎಕ್ಸ್‌ಚೇಂಜ್ ಎಂಬ ತಾಣವನ್ನು ತೆರೆದು, ಕಂಪನಿಗಳು ತಮಗೆ ಬೇಕಾದ ಮುಕ್ತ ಕೋಡನ್ನು ವಿವರಿಸಿ ಹಣ ಇಡಲು, ಪ್ರೋಗ್ರಾಮರ್‌ಗಳು ಅದನ್ನು ವಹಿಸಿಕೊಳ್ಳಲು ಅನುಕೂಲ ಮಾಡಿಕೊಟ್ಟಿತು; 2001ರಲ್ಲಿ ಅದು ಮುಚ್ಚಿತು. ಅದೇ 1999ರಲ್ಲಿ ಜಾನ್ ಕೆಲ್ಸಿ ಮತ್ತು ಬ್ರೂಸ್ ಶ್ನೈಯರ್ ಎಂಬ ಇಬ್ಬರು ಭದ್ರತಾ ತಜ್ಞರು ಬೀದಿ ಕಲಾವಿದನ ಒಪ್ಪಂದ ಎಂಬ ಹೆಸರಿನಲ್ಲಿ ಒಂದು ಸೈದ್ಧಾಂತಿಕ ಮಾದರಿಯನ್ನು ಮಂಡಿಸಿದರು. ಅನೇಕರು ಸಣ್ಣ ಸಣ್ಣ ಮೊತ್ತಗಳನ್ನು ನಂಬಿಕಸ್ಥ ಮೂರನೆಯವರ ಬಳಿ ಒತ್ತೆಯಿಡಬೇಕು, ಗುರಿ ಮುಟ್ಟಿ ಕೃತಿ ಹೊರಬಂದರೆ ಮಾತ್ರ ಹಣ ಕೃತಿಕಾರನಿಗೆ ಸಲ್ಲಬೇಕು, ಇಲ್ಲವಾದರೆ ಕೊಟ್ಟವರಿಗೆ ಮರಳಬೇಕು ಎಂಬುದು ಅದರ ಸಾರ. ಎಲ್ಲರಿಗೂ ಉಚಿತವಾಗಿ ಸಿಗುವ ವಸ್ತುವಿಗೆ ತಾನೇ ಏಕೆ ಹಣ ಕೊಡಬೇಕೆಂದು ಪ್ರತಿಯೊಬ್ಬರೂ ಕಾಯುತ್ತ ಕುಳಿತರೆ ಆ ವಸ್ತು ಹುಟ್ಟುವುದೇ ಇಲ್ಲ. ಅರ್ಥಶಾಸ್ತ್ರ ಸಾರ್ವಜನಿಕ ಸರಕಿನ ಸಮಸ್ಯೆ ಎಂದು ಗುರುತಿಸುವ ಈ ಕಗ್ಗಂಟಿಗೆ ಅವರು ಸೂಚಿಸಿದ ಪರಿಹಾರ ಅದಾಗಿತ್ತು. ಇಂಥ ಸಾಮೂಹಿಕ ಸಂಗ್ರಹಕ್ಕೆ ಎಷ್ಟು ಶಕ್ತಿಯಿದೆಯೆಂಬುದನ್ನು 2002ರಲ್ಲಿ ಬ್ಲೆಂಡರ್ ತೋರಿಸಿತು: ಮೂರು ಆಯಾಮದ ಚಿತ್ರಣಕ್ಕೆ ಬಳಸುವ ಆ ತಂತ್ರಾಂಶದ ಕೋಡನ್ನು ಹೂಡಿಕೆದಾರರಿಂದ ಬಿಡಿಸಿಕೊಂಡು ಮುಕ್ತಗೊಳಿಸಲು ಬೇಕಾದ 1,00,000 ಯೂರೋಗಳನ್ನು ಬಳಕೆದಾರರ ಸಮುದಾಯ ಏಳು ವಾರಗಳಲ್ಲಿ ಕೂಡಿಸಿತು.

ನಡುವೆ ನಿಂತ ಸಂಸ್ಥೆಯ ಸಂಕಟ

ಬೌಂಟಿ ಪದ್ಧತಿಯಲ್ಲಿ ಹಣ ಕೊಡುವವರಿಗೂ ಪಡೆಯುವವರಿಗೂ ಪರಸ್ಪರ ಪರಿಚಯವಿರುವುದಿಲ್ಲವಾದ್ದರಿಂದ, ಮೊತ್ತವನ್ನು ಒತ್ತೆಯಾಗಿ ಹಿಡಿದಿಟ್ಟುಕೊಳ್ಳುವ ಮಧ್ಯವರ್ತಿಯೊಬ್ಬ ಬೇಕಾಗುತ್ತಾನೆ, ಮತ್ತು ಇಡೀ ವ್ಯವಹಾರದ ಗಟ್ಟಿತನ ಆ ಮಧ್ಯವರ್ತಿಯ ಗಟ್ಟಿತನವನ್ನೇ ಅವಲಂಬಿಸಿರುತ್ತದೆ. ಬೌಂಟಿಸೋರ್ಸ್ ತಾಣದ ಚರಿತ್ರೆ ಇದಕ್ಕೆ ಸ್ಪಷ್ಟ ಸಾಕ್ಷಿ. ಗಿಟ್‌ಹಬ್‌ನಲ್ಲಿ ದಾಖಲಾದ ಯಾವುದೇ ದೋಷಕ್ಕೆ ಯಾರು ಬೇಕಾದರೂ ಹಣ ಇಡಬಹುದು, ಒಂದೇ ದೋಷಕ್ಕೆ ಹಲವರು ಸೇರಿ ಮೊತ್ತವನ್ನು ಹೆಚ್ಚಿಸಬಹುದು ಎಂಬ ಸರಳ ನಿಯಮದಿಂದ ಅದು 2010ರ ದಶಕದಲ್ಲಿ ಈ ಕ್ಷೇತ್ರದ ಅತ್ಯಂತ ಹೆಸರಾದ ತಾಣವಾಯಿತು. 2017ರ ಕೊನೆಯಲ್ಲಿ ಅದು ಕ್ರಿಪ್ಟೋ ನಾಣ್ಯಗಳ ವ್ಯವಹಾರದಲ್ಲಿದ್ದ ಸಂಸ್ಥೆಯೊಂದರ ಕೈ ಸೇರಿತು, 2020ರಲ್ಲಿ ಮತ್ತೊಂದು ಸಂಸ್ಥೆಗೆ ಮಾರಾಟವಾಯಿತು. ಅದೇ ವರ್ಷ, ಎರಡು ವರ್ಷದೊಳಗೆ ಯಾರೂ ಪಡೆಯದ ಬೌಂಟಿಯ ಹಣವನ್ನು ತಾಣವೇ ಇಟ್ಟುಕೊಳ್ಳುವುದೆಂಬ ಹೊಸ ಷರತ್ತು ಪ್ರಕಟವಾಗಿ, ಸಮುದಾಯದ ತೀವ್ರ ವಿರೋಧದ ನಂತರ ರದ್ದಾಯಿತು. ಆದರೆ ನಂಬಿಕೆ ಅಷ್ಟರಲ್ಲೇ ಸಡಿಲಗೊಂಡಿತ್ತು. ಹಲವು ಯೋಜನೆಗಳು ತಾಣವನ್ನು ಬಿಟ್ಟವು, 2023ರ ಹೊತ್ತಿಗೆ ಕೆಲಸ ಮುಗಿಸಿದವರಿಗೆ ಸಲ್ಲಬೇಕಾದ ಹಣವೇ ನಿಂತುಹೋಯಿತು.

ಈ ಬಗೆಯ ತಾಣಗಳು ಮತ್ತೆ ಮತ್ತೆ ಕುಸಿಯಲು ಆಡಳಿತದ ದೌರ್ಬಲ್ಯ ಮಾತ್ರ ಕಾರಣವಲ್ಲ, ವ್ಯವಹಾರದ ಗಾತ್ರವೂ ಕಾರಣ. ಐವತ್ತು ಅಥವಾ ನೂರು ಡಾಲರಿನ ಕೆಲಸಗಳಿಂದ ಬರುವ ದಲ್ಲಾಳಿ ಪಾಲಿನಲ್ಲಿ ವಿವಾದಗಳನ್ನು ಬಗೆಹರಿಸುವ, ಹತ್ತಾರು ದೇಶಗಳಿಗೆ ಹಣ ಕಳುಹಿಸುವ, ತೆರಿಗೆಯ ದಾಖಲೆ ಇಡುವ ವೆಚ್ಚವನ್ನು ಭರಿಸುವುದು ಕಷ್ಟ. ಕೆಲಸ ಚಿಕ್ಕದಾದಷ್ಟೂ ಅದರ ಸುತ್ತಲಿನ ಲೆಕ್ಕಪತ್ರದ ಪಾಲು ದೊಡ್ಡದಾಗುತ್ತದೆ. ಬೌಂಟಿಯಲ್ಲದೆ ದೇಣಿಗೆಯನ್ನೇ ನೆಚ್ಚಿದ ತಾಣಗಳಿಗೂ ಇದೇ ಕಷ್ಟ ಎದುರಾಯಿತು: 2012ರಲ್ಲಿ ಗಿಟ್‌ಟಿಪ್ ಎಂದು ಹುಟ್ಟಿ ಮುಂದೆ ಗ್ರಾಟಿಪೇ ಎಂದು ಹೆಸರು ಬದಲಿಸಿಕೊಂಡ ತಾಣ 2017ರ ಕೊನೆಗೆ ಮುಚ್ಚಿತು, ಅದರಿಂದ ಕವಲೊಡೆದು 2015ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಲಿಬರಾಪೇ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಉಳಿದುಕೊಂಡಿತು.

ಹಣ ಇಟ್ಟರೆ ಕೆಲಸ ನಿಜಕ್ಕೂ ಆಗುತ್ತದೆಯೇ ಎಂಬ ಪ್ರಶ್ನೆಗೆ ಬೌಂಟಿಸೋರ್ಸ್‌ನ ದಾಖಲೆಗಳೇ ಉತ್ತರದ ಒಂದು ಭಾಗವನ್ನು ಒದಗಿಸಿವೆ. ಜಿಯಾಯುವಾನ್ ಝೌ ಮತ್ತು ಸಂಗಡಿಗರು ಒಟ್ಟು 4,06,425 ಡಾಲರ್ ಮೌಲ್ಯದ ಬೌಂಟಿಗಳನ್ನು ಹೊತ್ತ 3,509 ದೋಷ ವರದಿಗಳನ್ನು ಪರಿಶೀಲಿಸಿದರು. ಕೆಲಸ ಮುಗಿಯುವ ಸಂಭವದೊಂದಿಗೆ ಎಲ್ಲಕ್ಕಿಂತ ಬಲವಾದ ಸಂಬಂಧ ಹೊಂದಿದ್ದದ್ದು ಮೊತ್ತದ ಗಾತ್ರವಲ್ಲ, ಹಣವಿಟ್ಟ ಸಮಯ: ದೋಷ ದಾಖಲಾದ ಸ್ವಲ್ಪ ದಿನಗಳಲ್ಲೇ ಬೌಂಟಿ ಬಂದರೆ ಕೆಲಸ ಆಗುವ ಸಂಭವ ಹೆಚ್ಚು, ಬಹುಕಾಲದಿಂದ ಕೊಳೆಯುತ್ತಿರುವ ದೋಷಕ್ಕೆ ಹಣವಿಟ್ಟರೆ ಅದು ವ್ಯರ್ಥವಾಗುವ ಅಪಾಯ ಹೆಚ್ಚು. ಬೌಂಟಿಗಳು ರೂಢಿಯಲ್ಲಿರುವ ಯೋಜನೆಗಳಲ್ಲಿ ಫಲ ಉತ್ತಮವಾಗಿದ್ದರೆ, ಹಿಂದೆ ಎಂದೂ ಬೌಂಟಿ ಬಳಸದ ಯೋಜನೆಗಳಲ್ಲಿ ಮಾತ್ರ ಮೊತ್ತವೇ ಮುಖ್ಯ ಅಂಶವಾಗಿತ್ತು. ಬಹುಕಾಲ ಉಳಿದ ದೋಷ ಉಳಿಯುವುದು ಯಾರೂ ಆಸಕ್ತಿ ತೋರದ್ದರಿಂದ ಮಾತ್ರವಲ್ಲ, ಅದು ನಿಜವಾಗಿಯೂ ಕಠಿಣವಾಗಿರುವುದರಿಂದ ಅಥವಾ ಅದನ್ನು ಹೇಗೆ ಸರಿಪಡಿಸಬೇಕೆಂಬುದರ ಬಗ್ಗೆ ನಿರ್ವಾಹಕರಲ್ಲೇ ಒಮ್ಮತವಿಲ್ಲದಿರುವುದರಿಂದ. ಅಂಥ ಕಡೆ ಕೊರತೆಯಿರುವುದು ಹಣದ್ದಲ್ಲ, ತೀರ್ಮಾನದ್ದು.

ಪ್ರೇರಣೆಯ ಪ್ರಶ್ನೆ

ಸ್ವಇಚ್ಛೆಯಿಂದ ನಡೆಯುತ್ತಿದ್ದ ಕೆಲಸಕ್ಕೆ ಹಣ ಸೇರಿದಾಗ ಮನಸ್ಸಿನಲ್ಲಾಗುವ ಬದಲಾವಣೆಯನ್ನು ಮನಶ್ಶಾಸ್ತ್ರ ಮತ್ತು ಅರ್ಥಶಾಸ್ತ್ರಗಳು ಬಹುಕಾಲದಿಂದ ಪರಿಶೀಲಿಸುತ್ತ ಬಂದಿವೆ. 1971ರಲ್ಲಿ ಎಡ್ವರ್ಡ್ ಡೆಸಿ ನಡೆಸಿದ ಪ್ರಯೋಗದಲ್ಲಿ, ಒಗಟಿನ ತುಂಡುಗಳನ್ನು ಜೋಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ ತಮ್ಮ ಬಿಡುವಿನ ಸಮಯದಲ್ಲಿ ಅದೇ ಒಗಟಿನ ಕಡೆಗೆ ಹಿಂದಿನಷ್ಟು ಒಲವು ತೋರಲಿಲ್ಲ. ಊರಿ ಗ್ನೀಝಿ ಮತ್ತು ಆಲ್ಡೊ ರುಸ್ತಿಕಿನಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಮನೆಗೆ ಹೋಗಿ ದೇಣಿಗೆ ಸಂಗ್ರಹಿಸುವ ಶಾಲಾ ವಿದ್ಯಾರ್ಥಿಗಳ ಪೈಕಿ, ಸಂಗ್ರಹದ ಅತಿ ಸಣ್ಣ ಪಾಲನ್ನು ಸಂಭಾವನೆಯಾಗಿ ಪಡೆದವರು ಏನನ್ನೂ ಪಡೆಯದವರಿಗಿಂತ ಕಡಿಮೆ ಹಣ ತಂದರು. ಕೊಡುವುದಾದರೆ ಸಾಕಷ್ಟು ಕೊಡಬೇಕು, ಇಲ್ಲವಾದರೆ ಕೊಡಲೇಬಾರದು ಎಂಬುದು ಅವರ ತೀರ್ಮಾನ. ಹಳ್ಳಿಗಳ ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಬಂದಾಗ ಕೂಲಿಯ ಮಾತು ಬರುವುದಿಲ್ಲ, ತಿರುಗಿ ದುಡಿದು ತೀರಿಸುವ ನಂಬಿಕೆಯೇ ಅಲ್ಲಿ ಲೆಕ್ಕ. ಅಂಥವರ ಕೈಗೆ ಅರ್ಧ ದಿನದ ಕೂಲಿ ಇಟ್ಟರೆ ಅವರು ನೆರೆಯವರೂ ಆಗಿ ಉಳಿಯುವುದಿಲ್ಲ, ಪೂರ್ಣ ಕೂಲಿಯವರೂ ಆಗುವುದಿಲ್ಲ. ಪ್ರೋಗ್ರಾಮರ್‌ನ ಸಾಮಾನ್ಯ ಗಳಿಕೆಗಿಂತ ಎಷ್ಟೋ ಕಡಿಮೆಯಿರುವ ಬೌಂಟಿ ತಂದೊಡ್ಡುವ ಇಕ್ಕಟ್ಟೂ ಇಂಥದ್ದೇ.

ಈ ವಾದವನ್ನು ಅತಿಗೆ ಒಯ್ಯುವುದೂ ಸರಿಯಲ್ಲ. ಕರೀಂ ಲಖಾನಿ ಮತ್ತು ರಾಬರ್ಟ್ ವುಲ್ಫ್ 287 ಯೋಜನೆಗಳ 684 ಪ್ರೋಗ್ರಾಮರ್‌ಗಳನ್ನು ಕುರಿತು ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಶೇಕಡಾ 40ರಷ್ಟು ಜನ ಮುಕ್ತ ತಂತ್ರಾಂಶದ ಕೆಲಸಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಸಂಬಳ ಪಡೆಯುತ್ತಿದ್ದರು. ಸೃಜನಶೀಲತೆಯ ಆನಂದವೇ ಅತ್ಯಂತ ಬಲವಾದ ಪ್ರೇರಣೆಯೆಂದು ಕಂಡುಬಂದರೂ, ಹಣ ಪಡೆದವರಲ್ಲಿ ಆ ಆನಂದ ಇಂಗಿಹೋಗಿರಲಿಲ್ಲ. ಹಣ ಮತ್ತು ಪ್ರೀತಿ ಜೊತೆಯಾಗಿ ಇರಬಲ್ಲವು. ಕೆಡುಕು ಹುಟ್ಟುವುದು ಹಣ ಯಾರಿಗೆ, ಯಾವುದಕ್ಕೆ, ಯಾರ ಒಪ್ಪಿಗೆಯಿಂದ ಸಲ್ಲುತ್ತದೆ ಎಂಬುದು ನ್ಯಾಯವಾಗಿ ಕಾಣದಿದ್ದಾಗ.

ಡೆಬಿಯನ್ ಸಮುದಾಯದ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಂಪೂರ್ಣವಾಗಿ ಸ್ವಯಂಸೇವಕರಿಂದಲೇ ನಡೆಯುವ ಈ ಲಿನಕ್ಸ್ ವಿತರಣೆಯ ಹೊಸ ಆವೃತ್ತಿಯನ್ನು 2006ರ ಡಿಸೆಂಬರಿನಲ್ಲಿ ಹೊರತರುವ ಗುರಿಯಿಟ್ಟುಕೊಂಡು, ಬಿಡುಗಡೆಯ ಹೊಣೆ ಹೊತ್ತ ಇಬ್ಬರು ಪೂರ್ಣಾವಧಿ ದುಡಿಯಲೆಂದು ಅವರಿಗೆ ಹಣ ಕೂಡಿಸುವ ಡಂಕ್-ಟ್ಯಾಂಕ್ ಎಂಬ ಪ್ರಯತ್ನವನ್ನು ಆಗಿನ ಯೋಜನಾ ನಾಯಕರೂ ಇತರ ಕೆಲವರೂ ಆರಂಭಿಸಿದರು. ಸಾವಿರಾರು ಜನರ ಉಚಿತ ದುಡಿಮೆಯ ನಡುವೆ ಇಬ್ಬರಿಗೆ ಮಾತ್ರ ಸಂಭಾವನೆಯೇಕೆ ಎಂಬ ಪ್ರಶ್ನೆ ಎದ್ದು, ವಿಷಯ ಸಮುದಾಯದ ಮತದಾನದವರೆಗೂ ಹೋಯಿತು, ಕೆಲವರು ಅಸಮಾಧಾನದಿಂದ ತಮ್ಮ ಕೆಲಸವನ್ನು ಕಡಿಮೆ ಮಾಡಿದರು. ಆ ಆವೃತ್ತಿ ಹೊರಬಂದದ್ದು 2007ರ ಏಪ್ರಿಲ್ 8ರಂದು. ವಿಳಂಬಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೆ ಪಡೆದವರ ಉತ್ಸಾಹವನ್ನಷ್ಟೇ ಅಲ್ಲ, ಪಡೆಯದವರ ಉತ್ಸಾಹವನ್ನೂ ಹಣ ಬದಲಿಸುತ್ತದೆ ಎಂಬುದನ್ನು ಆ ಘಟನೆ ಮರೆಯಲಾಗದಂತೆ ಕಲಿಸಿತು.

ಓದುವವರ ದುಡಿಮೆ

ಬೌಂಟಿಯ ಬಗ್ಗೆ ನಡೆದ ಚರ್ಚೆಯಲ್ಲಿ ಬಹುಕಾಲ ಹಿನ್ನೆಲೆಗೆ ಸರಿದಿದ್ದ, ಆದರೆ ಉಳಿದೆಲ್ಲಕ್ಕಿಂತ ನಿರ್ಣಾಯಕವಾದ ಅಂಶವೆಂದರೆ ಪರಿಶೀಲನೆಯ ವೆಚ್ಚ. ಹೊರಗಿನವರು ಬರೆದ ಇಪ್ಪತ್ತು ಸಾಲಿನ ತಿದ್ದುಪಡಿಯನ್ನು ಒಪ್ಪಿಕೊಳ್ಳುವ ಮುನ್ನ ನಿರ್ವಾಹಕರು ಅದು ತಂತ್ರಾಂಶದ ಬೇರೆ ಭಾಗಗಳನ್ನು ಕೆಡಿಸುವುದಿಲ್ಲವೇ, ಭದ್ರತೆಗೆ ಧಕ್ಕೆ ತರುವುದಿಲ್ಲವೇ, ಹಳೆಯ ಯಂತ್ರಗಳಲ್ಲೂ ನಡೆಯುತ್ತದೆಯೇ ಎಂದು ನೋಡಬೇಕು. ಬರೆದವನು ಹಣ ಪಡೆದು ಹೊರಟುಹೋದ ಮೇಲೆ ಅದರಲ್ಲಿ ಕಾಣುವ ತೊಡಕುಗಳನ್ನು ವರ್ಷಗಳ ಕಾಲ ಅವರೇ ನಿಭಾಯಿಸಬೇಕು. ಬೌಂಟಿಯ ಹಣ ಬರೆದವನಿಗೆ ಹೋಗುತ್ತದೆ, ಓದುವ ಮತ್ತು ಕಾಪಾಡುವ ದುಡಿಮೆ ಉಚಿತವಾಗಿಯೇ ಉಳಿಯುತ್ತದೆ. ಜಿಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರತಿಷ್ಠಾನದ ಲೋರಿಸ್ ಕ್ರೋ ಬೌಂಟಿಗಳು ಮುಕ್ತ ಯೋಜನೆಗಳಿಗೆ ಹಾನಿಕರವೆಂದು ವಾದಿಸುವಾಗ ಮುಂದಿಟ್ಟ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಒಂದೇ ಬಹುಮಾನಕ್ಕೆ ಹಲವರು ಪೈಪೋಟಿ ನಡೆಸಿದಾಗ ಸಹಕಾರದ ಬದಲು ಗುಟ್ಟು ಬೆಳೆಯುತ್ತದೆ, ಗೆದ್ದ ಒಬ್ಬರನ್ನು ಬಿಟ್ಟು ಉಳಿದವರ ಶ್ರಮ ಪೋಲಾಗುತ್ತದೆ, ಆತುರ ಗುಣಮಟ್ಟವನ್ನು ತಿನ್ನುತ್ತದೆ ಎಂಬುದೂ ಅವರ ಆಕ್ಷೇಪ.

ಈ ಭಾರ ಎಷ್ಟು ಬೇಗ ಮಿತಿಮೀರಬಹುದೆಂಬುದಕ್ಕೆ ನಿದರ್ಶನಗಳಿವೆ. ಡಿಜಿಟಲ್ ಓಶನ್ ಸಂಸ್ಥೆ 2014ರಿಂದ ಪ್ರತಿ ಅಕ್ಟೋಬರಿನಲ್ಲಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ ಬಹುಮಾನವಾಗಿ ಆಗ ಸಿಗುತ್ತಿದ್ದದ್ದು ಒಂದು ಟೀ ಶರ್ಟಿನಂತಹ ಸಣ್ಣ ವಸ್ತು ಮಾತ್ರ. ಆದರೂ 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್‌ಗಳ ಲೆಕ್ಕ ತುಂಬಿಸಲು, ಯೋಜನೆಯ ಪರಿಚಯ ಪುಟದಲ್ಲಿ ಒಂದೆರಡು ಪದ ಸೇರಿಸಿ ಕಳುಹಿಸಿದ ನಿರರ್ಥಕ ತಿದ್ದುಪಡಿಗಳು ಪ್ರವಾಹದಂತೆ ಬಂದು, ಇಷ್ಟಪಟ್ಟು ಹೆಸರು ಕೊಟ್ಟ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಸಂಘಟಕರು ಅಭಿಯಾನದ ನಡುವೆಯೇ ನಿಯಮ ಬದಲಿಸಬೇಕಾಯಿತು. ಅಂತರಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್ ಎಂಬ ಅತಿ ವ್ಯಾಪಕ ಬಳಕೆಯ ಸಾಧನದ ಅನುಭವ ಇನ್ನೂ ಗಂಭೀರವಾದದ್ದು. ಅದರ ಮುಖ್ಯ ನಿರ್ವಾಹಕ ಡೇನಿಯಲ್ ಸ್ಟೆನ್‌ಬರ್ಗ್ 2019ರಲ್ಲಿ ಆರಂಭಿಸಿದ ಭದ್ರತಾ ಬಹುಮಾನ ಕಾರ್ಯಕ್ರಮ ಹಲವು ವರ್ಷ ನಿಜವಾದ ದೋಷಗಳನ್ನು ಹೊರತಂದಿತು; ಆದರೆ ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ನಿಮಿಷಗಳಲ್ಲಿ ಬರೆಸಿದ, ಮೇಲ್ನೋಟಕ್ಕೆ ಪಾಂಡಿತ್ಯಪೂರ್ಣವಾಗಿ ಕಾಣುವ ಸುಳ್ಳು ವರದಿಗಳು ಹೆಚ್ಚಿದಂತೆ, ಬೆರಳೆಣಿಕೆಯ ಜನರ ಭದ್ರತಾ ತಂಡ ಅವುಗಳನ್ನು ಓದಿ ತಳ್ಳಿಹಾಕುವುದರಲ್ಲೇ ಬಳಲಿತು, 2026ರ ಜನವರಿಯ ಕೊನೆಗೆ ಹಣದ ಬಹುಮಾನವನ್ನು ನಿಲ್ಲಿಸಲಾಯಿತು. ಬರೆಯುವುದು ಅಗ್ಗವಾದಷ್ಟೂ ಓದುವುದು ದುಬಾರಿಯಾಗುತ್ತದೆ. ಈ ಬದಲಾವಣೆ ಭದ್ರತಾ ವರದಿಗಳಿಗೆ ಮಾತ್ರ ಸೀಮಿತವಲ್ಲ, ಕೋಡಿಂಗ್ ಬೌಂಟಿಗಳಿಗೂ ಅನ್ವಯಿಸುತ್ತದೆ.

ಓದುವವರನ್ನು ಕಡೆಗಣಿಸಿದ್ದರ ದೊಡ್ಡ ಬೆಲೆಯನ್ನು ಜಗತ್ತು ಎರಡು ಬಾರಿ ಕಂಡಿದೆ. ಅಂತರಜಾಲದ ವಹಿವಾಟನ್ನು ಗೂಢಲಿಪೀಕರಿಸುವ ಓಪನ್‌ಎಸ್ಎಸ್ಎಲ್‌ನಲ್ಲಿ 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ, ಲಕ್ಷಾಂತರ ಸರ್ವರುಗಳು ನೆಚ್ಚಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರವೆಂಬುದು ತಿಳಿದುಬಂದಿತು. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ದತ್ತಾಂಶ ಸಂಕುಚನ ಸಾಧನದೊಳಗೆ ಉದ್ದೇಶಪೂರ್ವಕವಾಗಿ ಅಡಗಿಸಿಟ್ಟ ಹಿಂಬಾಗಿಲೊಂದು ಪತ್ತೆಯಾಯಿತು. ಬಳಲಿದ್ದ ಒಬ್ಬ ಸ್ವಯಂಸೇವಕ ನಿರ್ವಾಹಕನಿಗೆ ಸಹಾಯ ಮಾಡುವ ನೆಪದಲ್ಲಿ ವರ್ಷಗಟ್ಟಲೆ ಸಣ್ಣ ಸಣ್ಣ ಪ್ಯಾಚ್‌ಗಳನ್ನು ಕಳುಹಿಸಿ ನಂಬಿಕೆ ಗಳಿಸಿಕೊಂಡ ವ್ಯಕ್ತಿಯೇ ಅದನ್ನು ಸೇರಿಸಿದ್ದ. ಎರಡೂ ಕಡೆ ಬರೆಯುವ ಕೈಗಳಿದ್ದವು, ಬರೆದದ್ದನ್ನು ನಿರಾತಂಕವಾಗಿ ಕುಳಿತು ಓದುವಷ್ಟು ಸಮಯ ಯಾರಿಗೂ ಇರಲಿಲ್ಲ. ಸಣ್ಣ ಕೆಲಸಗಳಿಗೆ ಎಷ್ಟು ಬೌಂಟಿಗಳನ್ನಿಟ್ಟರೂ ಈ ಕೊರತೆ ತುಂಬುತ್ತಿರಲಿಲ್ಲ, ಬಹುಶಃ ಹೆಚ್ಚುತ್ತಿತ್ತು.

ಪರ್ಯಾಯ ಮಾದರಿಗಳು

ಬಾಳಿಕೆ ಬಂದ ಮಾದರಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಯಾವುದಾದರೊಂದು ಬಗೆಯಲ್ಲಿ ಓದುವವರ ಪಾಲನ್ನು ಗುರುತಿಸಿರುವುದು ಕಾಣುತ್ತದೆ. 2005ರಲ್ಲಿ ಸುಮಾರು 400 ವಿದ್ಯಾರ್ಥಿಗಳೊಂದಿಗೆ ಆರಂಭವಾದ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗೆ ಶಿಷ್ಯವೇತನ ದೊರೆಯುವುದರ ಜೊತೆಗೆ, ಮಾರ್ಗದರ್ಶನ ನೀಡುವ ಯೋಜನೆಗೂ ಪ್ರತಿ ವಿದ್ಯಾರ್ಥಿಗೆ 500 ಡಾಲರಿನಂತೆ ಸಲ್ಲುತ್ತ ಬಂದಿದೆ. ಯಾವ ಕೆಲಸ ಬೇಕು, ಅದನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನು ನಿರ್ವಾಹಕರೇ ಮೊದಲು ತೀರ್ಮಾನಿಸುವುದರಿಂದ ಪೈಪೋಟಿಯಲ್ಲಿ ಶ್ರಮ ಪೋಲಾಗುವುದಿಲ್ಲ. ಗೂಗಲ್ 2013ರಲ್ಲಿ ಘೋಷಿಸಿದ ಪ್ಯಾಚ್ ಬಹುಮಾನ ಕಾರ್ಯಕ್ರಮ, ಭದ್ರತೆಯನ್ನು ಹೆಚ್ಚಿಸುವ ತಿದ್ದುಪಡಿಗೆ 500ರಿಂದ 3,133.7 ಡಾಲರಿನವರೆಗೆ ಕೊಡುವಾಗ, ತಿದ್ದುಪಡಿಯನ್ನು ಯೋಜನೆಯ ನಿರ್ವಾಹಕರು ಒಪ್ಪಿ ಸೇರಿಸಿಕೊಂಡ ನಂತರವೇ ಅರ್ಜಿ ಹಾಕಬೇಕೆಂದು ಗೊತ್ತುಪಡಿಸಿತು. ಇಂಟರ್‌ನೆಟ್ ಬಗ್ ಬೌಂಟಿ ಎಂಬ ಸಾಮೂಹಿಕ ನಿಧಿ ಬಹುಮಾನದ ಶೇಕಡಾ 80ರಷ್ಟನ್ನು ದೋಷ ಕಂಡವರಿಗೂ ಶೇಕಡಾ 20ರಷ್ಟನ್ನು ಅದನ್ನು ಸರಿಪಡಿಸುವ ಯೋಜನೆಗೂ ಹಂಚುವ ನಿಯಮವನ್ನು ಅಳವಡಿಸಿಕೊಂಡಿತು.

ಇನ್ನೊಂದು ದಿಕ್ಕಿನಲ್ಲಿ, ಕೆಲಸದ ತುಂಡಿಗೆ ಬೆಲೆ ಕಟ್ಟುವುದನ್ನೇ ಬಿಟ್ಟು ಕೆಲಸ ಮಾಡುವ ವ್ಯಕ್ತಿಗೆ ಇಲ್ಲವೆ ಯೋಜನೆಗೆ ನಿಯತವಾಗಿ ನೆರವಾಗುವ ಮಾದರಿಗಳು ಬೆಳೆದಿವೆ. 2019ರ ಮೇ ತಿಂಗಳಿನಲ್ಲಿ ಬಂದ ಗಿಟ್‌ಹಬ್ ಸ್ಪಾನ್ಸರ್ಸ್ ತಿಂಗಳ ದೇಣಿಗೆಯನ್ನು ನೇರವಾಗಿ ತಲುಪಿಸುತ್ತದೆ, ಓಪನ್ ಕಲೆಕ್ಟಿವ್ ಯೋಜನೆಗಳ ಆದಾಯ ವೆಚ್ಚಗಳನ್ನು ಬಹಿರಂಗವಾಗಿಡುತ್ತದೆ, ಟೈಡ್‌ಲಿಫ್ಟ್ ಕಂಪನಿಗಳಿಂದ ಚಂದಾ ಪಡೆದು ನಿರ್ವಹಣೆಯ ನಿರ್ದಿಷ್ಟ ಮಟ್ಟವನ್ನು ಕಾಪಾಡುವ ನಿರ್ವಾಹಕರಿಗೆ ಹಂಚುವ ದಾರಿ ಹಿಡಿಯಿತು. ನೆದರ್ಲೆಂಡ್ಸ್‌ನ ಎನ್ಎಲ್‌ನೆಟ್ ಪ್ರತಿಷ್ಠಾನ 5,000ದಿಂದ 50,000 ಯೂರೋಗಳ ಅನುದಾನಗಳನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ ಕೊಡುತ್ತದೆ, ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಸ್ಥಾಪಿಸಿ ಮುಕ್ತ ತಂತ್ರಾಂಶವನ್ನು ರಸ್ತೆ ಸೇತುವೆಗಳ ಹಾಗೆ ಸರ್ಕಾರ ಕಾಪಾಡಬೇಕಾದ ಮೂಲಸೌಕರ್ಯವೆಂದು ಪರಿಗಣಿಸಿತು. ಮುಕ್ತ ತಂತ್ರಾಂಶವೂ ಮೂಲಸೌಕರ್ಯವೇ ಎಂದು ಲೇಖಕಿ ನಾಡಿಯಾ ಎಗ್‌ಬಾಲ್ 2016ರ ತಮ್ಮ ವರದಿಯಲ್ಲಿ ಮಂಡಿಸಿದ ವಾದಕ್ಕೆ ಇದು ಅನುಗುಣವಾದ ನಡೆ. ಆದರೆ ಈ ಮಾದರಿಗಳಿಗೂ ಮಿತಿಯಿದೆ: ನಿಯತ ದೇಣಿಗೆ ಹೆಸರುವಾಸಿಯಾದವರ ಕಡೆಗೇ ಹರಿಯುತ್ತದೆ, ಅನುದಾನದ ಅರ್ಜಿ ಬರೆಯುವುದೇ ಒಂದು ಕಸುಬಾಗುತ್ತದೆ, ಒಂದು ಮುದ್ರಕ ತಮ್ಮ ಯಂತ್ರಕ್ಕೆ ಹೊಂದಿಕೊಳ್ಳಲಿ ಎಂದಷ್ಟೇ ಬಯಸುವ ಸಾಮಾನ್ಯ ಬಳಕೆದಾರರಿಗೆ ಇವುಗಳಲ್ಲಿ ಜಾಗವಿಲ್ಲ. ಆ ಜಾಗವನ್ನು ಸಣ್ಣ ಬೌಂಟಿ ಮಾತ್ರ ತುಂಬಬಲ್ಲದು, ಆದ್ದರಿಂದಲೇ ಅದನ್ನು ಕೈಬಿಡುವುದಕ್ಕಿಂತ ತಿದ್ದುವುದು ಹೆಚ್ಚು ಉಚಿತ.

ಭಾರತ ಮತ್ತು ಕನ್ನಡದ ಸಂದರ್ಭ

ಬೌಂಟಿಯ ಮೊತ್ತ ಡಾಲರಿನಲ್ಲಿ ಒಂದೇ ಆಗಿದ್ದರೂ ಅದರ ತೂಕ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಅನುಭವಿ ಪ್ರೋಗ್ರಾಮರ್‌ಗೆ ಒಂದೆರಡು ಗಂಟೆಯ ಗಳಿಕೆಯಾದ 100 ಡಾಲರ್, ಕರ್ನಾಟಕದ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೆ 8,000 ರೂಪಾಯಿಗೂ ಮೀರಿದ ಮೊತ್ತ, ಅಂದರೆ ಹಾಸ್ಟೆಲಿನ ಒಂದು ತಿಂಗಳ ಖರ್ಚಿಗೆ ಸಮ. ಅಲ್ಲಿ ಅವಮಾನವೆನಿಸುವ ಮೊತ್ತ ಇಲ್ಲಿ ನಿಜವಾದ ಸಂಭಾವನೆಯಾಗಬಹುದು. ಗ್ನೀಝಿ ಮತ್ತು ರುಸ್ತಿಕಿನಿ ಹೇಳುವ ಸಾಕಷ್ಟು ಎಂಬುದರ ಗೆರೆಯೇ ದೇಶದಿಂದ ದೇಶಕ್ಕೆ ಸರಿಯುತ್ತದೆ. ಗೂಗಲ್ ಸಮ್ಮರ್ ಆಫ್ ಕೋಡ್ 2017ರಿಂದ ಶಿಷ್ಯವೇತನವನ್ನು ಆಯಾ ದೇಶದ ಕೊಳ್ಳುವ ಶಕ್ತಿಗೆ ಹೊಂದಿಸಿದಾಗ ಭಾರತದ ವಿದ್ಯಾರ್ಥಿಗಳಿಗೆ ಸಿಗುವ ಮೊತ್ತ ಇಳಿಯಿತು. ಒಂದೇ ಕೋಡಿಗೆ ಎರಡು ಬೆಲೆ ನ್ಯಾಯವೇ ಎಂಬ ಪ್ರಶ್ನೆ ಅಂದಿನಿಂದಲೂ ಜೀವಂತವಾಗಿದೆ.

ಹಣ ಬರುವ ದಾರಿಯೂ ಸುಗಮವಲ್ಲ. ಹೊರದೇಶದಿಂದ ಬಂದ ಮೊತ್ತಕ್ಕೆ ಅದು ಯಾವ ಸೇವೆಗಾಗಿ ಬಂದದ್ದೆಂದು ಸೂಚಿಸುವ ಉದ್ದೇಶ ಸಂಕೇತವನ್ನು ಬ್ಯಾಂಕಿಗೆ ನೀಡಬೇಕು, ಅದನ್ನು ಆದಾಯವಾಗಿ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು, ಸಂಘ ಸಂಸ್ಥೆಯ ಹೆಸರಿನಲ್ಲಿ ವಿದೇಶಿ ದೇಣಿಗೆ ಪಡೆಯುವುದಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನಿಬಂಧನೆಗಳು ಅಡ್ಡ ಬರುತ್ತವೆ. ಭಾರತದಿಂದ ಕೊಡಬಯಸುವವರಿಗೂ ಅಡಚಣೆಯಿದೆ: ಕಾರ್ಡಿನ ಮೂಲಕ ತಿಂಗಳು ತಿಂಗಳು ತಾನಾಗಿ ಹಣ ಸಲ್ಲುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ಜಾರಿಗೆ ತಂದ ಹೆಚ್ಚುವರಿ ದೃಢೀಕರಣದ ನಿಯಮಗಳಿಂದಾಗಿ ಹೊರದೇಶದ ತಾಣಗಳಿಗೆ ನಿಯತ ದೇಣಿಗೆ ಕಳುಹಿಸುವುದು ಅನೇಕರಿಗೆ ತೊಡಕಾಯಿತು.

ಇದೇ ಹೊತ್ತಿನಲ್ಲಿ ಬೆಂಗಳೂರಿನಿಂದಲೇ ದೊಡ್ಡ ಪ್ರಯತ್ನವೊಂದು ಮೊಳೆತಿದೆ. ಷೇರು ವಹಿವಾಟಿನ ಸಂಸ್ಥೆ ಝೆರೋಧಾ, ತಾನು ಬೆಳೆದದ್ದು ಮುಕ್ತ ತಂತ್ರಾಂಶದ ತಳಹದಿಯ ಮೇಲೆಂದು ಒಪ್ಪಿಕೊಂಡು, ಜಗತ್ತಿನ ಯಾವುದೇ ಮೂಲೆಯ ಮುಕ್ತ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ಫ್ಲಾಸ್ ಫಂಡ್ ಅನ್ನು 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಯೋಜನೆಗಳು ತಮಗೆ ಎಷ್ಟು ಹಣ, ಯಾವ ಉದ್ದೇಶಕ್ಕೆ ಬೇಕೆಂಬುದನ್ನು ಯಂತ್ರಗಳೂ ಓದಬಲ್ಲ ಒಂದು ನಿಗದಿತ ಕಡತದಲ್ಲಿ ಬರೆದು ತಮ್ಮ ಕೋಡಿನ ಜೊತೆಗೇ ಪ್ರಕಟಿಸಬೇಕೆಂಬುದು ಅದರ ವಿಧಾನ. ಇಲ್ಲಿಯೂ ಹಣ ಸಲ್ಲುವುದು ಕೆಲಸದ ತುಂಡಿಗಲ್ಲ, ಯೋಜನೆಗೆ.

ಕನ್ನಡದ ತಂತ್ರಾಂಶಗಳು ಇದುವರೆಗೆ ಮುಖ್ಯವಾಗಿ ಎರಡು ದಾರಿಗಳಲ್ಲಿ ಬೆಳೆದಿವೆ: ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶದಂತೆ ಒಬ್ಬ ವ್ಯಕ್ತಿಯ ಛಲದಿಂದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಂತೆ ಸರ್ಕಾರದ ಬೆಂಬಲದಿಂದ. ಒತ್ತಕ್ಷರಗಳು ಸರಿಯಾಗಿ ಮೂಡದ ಒಂದು ಅಪ್ಲಿಕೇಶನ್, ಕಾಗುಣಿತ ಪರೀಕ್ಷಕಕ್ಕೆ ಬೇಕಾದ ಪದರೂಪಗಳ ನಿಯಮ, ಹಳೆಯ ಅಕ್ಷರಸಂಕೇತದ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕದ ದೋಷ ಇಂಥ ಕೆಲಸಗಳು ಒಂದು ಕಂಪನಿಯ ಗಮನಕ್ಕೆ ಬಾರದಷ್ಟು ಚಿಕ್ಕವು, ಸರ್ಕಾರದ ಟೆಂಡರಿಗೆ ಹೊಂದದಷ್ಟು ಬಿಡಿಯಾದವು, ಆದರೆ ಅವುಗಳನ್ನು ನೆಚ್ಚಿದ ಪ್ರಕಾಶಕರು, ಶಿಕ್ಷಕರು, ಸಂಶೋಧಕರು ಸಾವಿರಾರು. ಹೊರನಾಡಿನ ಕನ್ನಡ ಸಂಘಗಳೂ ಇಲ್ಲಿನ ಪ್ರಕಾಶಕರೂ ಕೂಡಿ ಸಣ್ಣ ಮೊತ್ತಗಳನ್ನು ಸೇರಿಸಿದರೆ ಬೌಂಟಿ ಪದ್ಧತಿಗೆ ಇದಕ್ಕಿಂತ ಸೂಕ್ತವಾದ ಕ್ಷೇತ್ರ ಸಿಗುವುದು ಅಪರೂಪ. ಆದರೆ ಕನ್ನಡ ಲಿಪಿಯ ಒಳಹೊರಗನ್ನೂ ಕೋಡನ್ನೂ ಒಟ್ಟಿಗೆ ಬಲ್ಲ ಪರಿಶೀಲಕರ ಸಂಖ್ಯೆ ಬಹಳ ಚಿಕ್ಕದು. ಅವರ ಸಮಯಕ್ಕೆ ಬೆಲೆ ಕಟ್ಟದೆ ಬೌಂಟಿಗಳನ್ನು ತೆರೆದರೆ, ಇರುವ ಕೆಲವರೂ ಬಳಲಿ ಹಿಂದೆ ಸರಿಯುವ ಅಪಾಯವಿದೆ.

ಉಪಸಂಹಾರ

ಮೇಲಿನ ಅನುಭವಗಳಿಂದ ಹೊರಡುವ ನಿಯಮಗಳು ಕೆಲವೇ. ಯಾವ ಕೆಲಸಕ್ಕೆ ಹಣವಿಡಬಹುದೆಂಬುದನ್ನು ನಿರ್ವಾಹಕರು ಮೊದಲು ಒಪ್ಪಿರಬೇಕು, ಇಲ್ಲವಾದರೆ ಹಣ ಕೊಡುವವರು ಬೇರೆಯವರ ಸಮಯವನ್ನು ಅವರ ಒಪ್ಪಿಗೆಯಿಲ್ಲದೆ ಖರ್ಚು ಮಾಡಿದಂತಾಗುತ್ತದೆ. ಕೆಲಸವನ್ನು ಪೈಪೋಟಿಗೆ ಬಿಡದೆ ಒಬ್ಬರಿಗೆ ಒಂದು ಅವಧಿಗೆ ಒಪ್ಪಿಸಬೇಕು, ಮುಗಿದಿದೆಯೆಂದು ಹೇಳಲು ಏನೇನು ಇರಬೇಕೆಂಬುದು ಮೊದಲೇ ಬರೆದಿರಬೇಕು. ಹಣವನ್ನು ಹಿಡಿದಿಡುವವರು ಲಾಭಕ್ಕಾಗಿ ಕೈಬದಲಾಗುವ ಕಂಪನಿಯಾಗಿರದೆ, ಲೆಕ್ಕವನ್ನು ಬಹಿರಂಗವಾಗಿಡುವ ಸಂಸ್ಥೆಯಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊತ್ತದ ಒಂದು ನಿಶ್ಚಿತ ಪಾಲು, ಸಣ್ಣ ಕೆಲಸಗಳಲ್ಲಿ ಮೂರನೆಯ ಒಂದರಷ್ಟಾದರೂ, ಪರಿಶೀಲಿಸುವವರಿಗೆ ಸಲ್ಲಬೇಕು. ತಿದ್ದುಪಡಿ ತಿರಸ್ಕೃತವಾದರೂ ಅದು ಸಲ್ಲಬೇಕು, ಏಕೆಂದರೆ ಬೇಡವೆಂದು ನಿರ್ಧರಿಸಲೂ ಅಷ್ಟೇ ಶ್ರಮ ಬೇಕು.

ಸಣ್ಣ ಕೆಲಸಕ್ಕೆ ಹಣ ಕೊಟ್ಟರೆ ಸಮುದಾಯ ಕೆಡುತ್ತದೆಯೆಂಬ ಭಯಕ್ಕೂ, ಹಣವಿದ್ದರೆ ಎಲ್ಲ ದೋಷಗಳೂ ತೀರುತ್ತವೆಯೆಂಬ ಭರವಸೆಗೂ ಮೂಲದಲ್ಲಿರುವ ಗ್ರಹಿಕೆ ಒಂದೇ: ತಂತ್ರಾಂಶವೆಂದರೆ ಬರೆದ ಕೋಡು ಎಂಬುದು. ಬರೆದ ಕೋಡು ಅದರ ಆರಂಭ ಮಾತ್ರ, ಅದನ್ನು ಓದಿ, ಹೊಣೆ ಹೊತ್ತು, ಹತ್ತು ವರ್ಷದ ನಂತರವೂ ನಡೆಯುವಂತೆ ನೋಡಿಕೊಳ್ಳುವ ದುಡಿಮೆಯೇ ಅದರ ಆಯುಷ್ಯ. ಯಂತ್ರಗಳೇ ಕೋಡ್ ಬರೆಯತೊಡಗಿರುವ ಈ ದಿನಗಳಲ್ಲಿ ಬರೆಯುವಿಕೆಯ ಬೆಲೆ ಇನ್ನೂ ಇಳಿಯುತ್ತದೆ, ವಿವೇಚನೆಯಿಂದ ಓದುವವರ ಬೆಲೆ ಏರುತ್ತದೆ. ಸಹ ಪ್ರೋಗ್ರಾಮರ್‌ಗಳಿಗೆ ಹಣ ಕೊಡಲು ಮುಂದಾಗುವ ಬಳಕೆದಾರರಾಗಲಿ, ಸಂಘಗಳಾಗಲಿ, ಸರ್ಕಾರಗಳಾಗಲಿ ಮೊದಲ ರೂಪಾಯಿಯನ್ನು ಓದುವವರಿಗಾಗಿ ಎತ್ತಿಟ್ಟರೆ, ಬರೆಯುವವರಿಗೆ ಕೊಟ್ಟ ಉಳಿದ ಹಣವೂ ಸಾರ್ಥಕವಾಗುತ್ತದೆ.